ಪಂದ್ಯಪಥದಿಂದ ಮನೆಯ ಅಂಗಳಕ್ಕೆ: ಕ್ರೀಡಾ ಮೋಟಾರು ಸೈಕಲ್ಲುಗಳ ವಿಕಾಸ

ವಯಸ್ಸಿಗೆ ಬಂದ ಮಗನು ಕ್ರೀಡಾ ಮೋಟಾರು ಸೈಕಲ್ಲೊಂದು ಬೇಕೆಂದು ಹಟ ಹಿಡಿದಾಗ ಮನೆಯ ಹಿರಿಯರ ಮನಸ್ಸಿನಲ್ಲಿ ಹಲವು ಪ್ರಶ್ನೆಗಳು ಏಳುತ್ತವೆ. ಇದರ ಹ್ಯಾಂಡಲ್ಲು ಏಕೆ ಅಷ್ಟು ಕೆಳಗಿದೆ? ಹಿಂದಿನ ಆಸನವೇಕೆ ಅಷ್ಟು ಎತ್ತರ, ಅಷ್ಟು ಕಿರಿದು? ಮುಂಭಾಗದ ಎರಡೂ ಪಕ್ಕಗಳಲ್ಲಿ ಮೀನಿನ ರೆಕ್ಕೆಯಂತೆ ಚಾಚಿಕೊಂಡಿರುವ ಆ ಪುಟ್ಟ ಹಲಗೆಗಳಿಂದ ಏನು ಪ್ರಯೋಜನ? ಸಾಮಾನ್ಯ ಬೈಕಿಗಿಂತ ಇಮ್ಮಡಿ ಬೆಲೆಯನ್ನು ಯಾವ ಕಾರಣಕ್ಕಾಗಿ ತೆರಬೇಕು? ‘ಇದೆಲ್ಲ ರೇಸಿನಿಂದ ಬಂದದ್ದು’ ಎಂದು ಮಗ ಹೆಮ್ಮೆಯಿಂದ ಹೇಳುತ್ತಾನೆ. ಅದೇ ಮಾತು ತಾಯಿಯ ಎದೆಯಲ್ಲಿ ದಿಗಿಲನ್ನು ಹುಟ್ಟಿಸುತ್ತದೆ. ಮಗನ ಹೆಮ್ಮೆಯಲ್ಲಿಯೂ ತಾಯಿಯ ದಿಗಿಲಿನಲ್ಲಿಯೂ ಸತ್ಯಾಂಶವುಂಟು. ಪಂದ್ಯದ ಪಥದಿಂದ ರಸ್ತೆಗೆ ಇಳಿದುಬಂದ ವಸ್ತುಗಳಲ್ಲಿ ಕೆಲವು ಜೀವರಕ್ಷಕಗಳು. ಕೆಲವು ರಸ್ತೆಯಲ್ಲಿ ನಿರರ್ಥಕವಾದ ಅಲಂಕಾರಗಳು. ಇನ್ನು ಕೆಲವು ಅಪಾಯಕ್ಕೆ ಆಹ್ವಾನವೀಯುವಂಥವು. ಇವುಗಳನ್ನು ಬೇರ್ಪಡಿಸಿ ತಿಳಿಯದೆ ‘ಬೇಡ’ ಎಂದರೆ ಮಗನಿಗೆ ಒಪ್ಪಿಗೆಯಾಗದು. ತಿಳಿಯದೆ ‘ಆಗಲಿ’ ಎಂದರೆ ಅದು ವಿವೇಕವೆನಿಸದು. ಆದುದರಿಂದ ಈ ವಿಷಯವನ್ನು ಮೂಲದಿಂದ ವಿವೇಚಿಸುವುದು ಉಚಿತ.

ಪಂದ್ಯವು ಹುಟ್ಟಿದ ಬಗೆ

ಮೋಟಾರು ಸೈಕಲ್ ಪಂದ್ಯಗಳು ಕೇವಲ ವೇಗದ ಹುಚ್ಚಿನಿಂದ ಹುಟ್ಟಿದವೆಂದು ತಿಳಿಯುವುದು ಪೂರ್ಣ ಸತ್ಯವಲ್ಲ. ಇಂಗ್ಲೆಂಡ್ ಮತ್ತು ಐರ್ಲೆಂಡ್‌ಗಳ ನಡುವೆ ಐಲ್ ಆಫ್ ಮ್ಯಾನ್ ಎಂಬ ಚಿಕ್ಕ ದ್ವೀಪವಿದೆ. ಅಲ್ಲಿ 1907ರಲ್ಲಿ ಆರಂಭವಾದ ‘ಟೂರಿಸ್ಟ್ ಟ್ರೋಫಿ’ ಪಂದ್ಯದ ಉದ್ದೇಶವೇ ದಿನಬಳಕೆಯ ಪ್ರವಾಸೀ ವಾಹನಗಳನ್ನು ಪರೀಕ್ಷಿಸುವುದಾಗಿತ್ತು. ಸ್ಪರ್ಧಿಸುವ ವಾಹನಕ್ಕೆ ಸೈಲೆನ್ಸರ್, ಮಡ್‌ಗಾರ್ಡ್ ಮತ್ತು ಸರಿಯಾದ ಆಸನ ಇರಲೇಬೇಕು, ಇಂತಿಷ್ಟೇ ಪೆಟ್ರೋಲಿನಲ್ಲಿ ದೂರವನ್ನು ಕ್ರಮಿಸಬೇಕು ಎಂಬ ನಿಯಮಗಳಿದ್ದವು. ಆ ಮೊದಲ ವರ್ಷ ಒಂದು ಸಿಲಿಂಡರಿನ ವರ್ಗದಲ್ಲಿ ಗೆದ್ದ ಚಾರ್ಲಿ ಕಾಲಿಯರ್ ಎಂಬಾತನ ಸರಾಸರಿ ವೇಗ ಗಂಟೆಗೆ ಸುಮಾರು 61 ಕಿಲೋಮೀಟರ್. ಇಂದು ನಮ್ಮ ಊರುಗಳ ಮೊಪೆಡ್ಡುಗಳೇ ಆ ವೇಗಕ್ಕೆ ಸಮೀಪವಾಗಿ ಓಡಬಲ್ಲವು.

1911ರಲ್ಲಿ ಪಂದ್ಯವನ್ನು ಆ ದ್ವೀಪದ ಬೆಟ್ಟದ ಮಾರ್ಗಕ್ಕೆ ಸ್ಥಳಾಂತರಿಸಿದರು. ಸುಮಾರು 60 ಕಿಲೋಮೀಟರ್ ಸುತ್ತಳತೆಯ ಈ ಮಾರ್ಗದಲ್ಲಿ ಕಡಿದಾದ ಏರುಗಳಿದ್ದವು. ಅಂದಿನ ಬ್ರಿಟಿಷ್ ಬೈಕುಗಳಲ್ಲಿ ಬಹುಪಾಲು ಚರ್ಮದ ಪಟ್ಟಿಯಿಂದ ಚಕ್ರವನ್ನು ತಿರುಗಿಸುತ್ತಿದ್ದವು; ಏರನ್ನು ಕಂಡೊಡನೆ ಏದುಸಿರು ಬಿಡುತ್ತಿದ್ದವು. ಅಮೆರಿಕದಿಂದ ಬಂದ ‘ಇಂಡಿಯನ್’ ಎಂಬ ಹೆಸರಿನ ಕಂಪನಿಯ ವಾಹನಗಳಿಗೆ ಎರಡು ಹಂತದ ಗೇರೂ ಸರಪಳಿಯ ಚಾಲನೆಯೂ ಇದ್ದವು. ಮೊದಲ ಮೂರು ಸ್ಥಾನಗಳೂ ಅವುಗಳ ಪಾಲಾದವು. ಸೋತವರು ಸುಮ್ಮನೆ ಕುಳಿತುಕೊಳ್ಳಲಿಲ್ಲ. ಕೆಲವೇ ವರ್ಷಗಳಲ್ಲಿ ಗೇರುಪೆಟ್ಟಿಗೆಯು ಸಾಮಾನ್ಯ ಬೈಕುಗಳ ಅಂಗವಾಯಿತು. ಇಂದು ಯಾರೂ ಗೇರನ್ನು ರೇಸಿನ ವಸ್ತುವೆಂದು ಭಾವಿಸುವುದಿಲ್ಲ. ಪಂದ್ಯದಲ್ಲಿ ಸಿದ್ಧವಾದ ವಿದ್ಯೆಯು ಒಳ್ಳೆಯದಾದರೆ ಕ್ರಮೇಣ ತನ್ನ ಮೂಲವನ್ನು ಮರೆಸಿ ಎಲ್ಲರ ಸೊತ್ತಾಗುತ್ತದೆ ಎಂಬುದಕ್ಕೆ ಇದು ಮೊದಲ ದೃಷ್ಟಾಂತ.

ಚೌಕಟ್ಟಿನ ಮಹತ್ತ್ವ

ಬೈಕೆಂದರೆ ಎಂಜಿನ್ನೇ ಪ್ರಧಾನವೆಂದು ಸಾಮಾನ್ಯರು ತಿಳಿಯುತ್ತಾರೆ. ಬಲ್ಲವರು ಮೊದಲು ನೋಡುವುದು ಅದರ ಚೌಕಟ್ಟನ್ನು, ಅಂದರೆ ಫ್ರೇಮನ್ನು. ಚೌಕಟ್ಟು ದುರ್ಬಲವಾಗಿದ್ದರೆ ತಿರುವಿನಲ್ಲಿ ವಾಹನವು ನಾಗರಹಾವಿನಂತೆ ಹೊಯ್ದಾಡುತ್ತದೆ. ಸವಾರನು ಎಷ್ಟೇ ನಿಪುಣನಾಗಿದ್ದರೂ ಅದನ್ನು ಹತೋಟಿಯಲ್ಲಿ ಇರಿಸಿಕೊಳ್ಳಲಾರನು. ಉತ್ತರ ಐರ್ಲೆಂಡಿನ ರೆಕ್ಸ್ ಮ್ಯಾಕ್‌ಕ್ಯಾಂಡ್‌ಲೆಸ್ ಎಂಬ ಕುಶಲಿಯು ನಾರ್ಟನ್ ಕಂಪನಿಗಾಗಿ 1950ರಲ್ಲಿ ಎರಡು ಕುಣಿಕೆಗಳ ಆಕಾರದ ಹೊಸ ಚೌಕಟ್ಟೊಂದನ್ನು ರೂಪಿಸಿದನು. ಹೆರಾಲ್ಡ್ ಡೇನಿಯಲ್ ಎಂಬ ಸವಾರನು ಅದನ್ನು ಓಡಿಸಿ ನೋಡಿ, ಗರಿಯ ಹಾಸಿಗೆಯ ಮೇಲೆ ಸವಾರಿ ಮಾಡಿದಂತಾಯಿತೆಂದನಂತೆ. ಅಂದಿನಿಂದ ಅದಕ್ಕೆ ‘ಫೆದರ್‌ಬೆಡ್’ ಎಂಬ ಹೆಸರೇ ನಿಂತಿತು. ಅದೇ ವರ್ಷ ಜೆಫ್ ಡ್ಯೂಕ್ ಎಂಬ ತರುಣನು ಈ ಚೌಕಟ್ಟಿನ ಬೈಕಿನಲ್ಲಿ ಐಲ್ ಆಫ್ ಮ್ಯಾನಿನ ಹಿರಿಯ ಪಂದ್ಯವನ್ನು ಗೆದ್ದನು. ಒಂದೆರಡು ವರ್ಷಗಳಲ್ಲಿ ಅದೇ ಚೌಕಟ್ಟು ಗ್ರಾಹಕರು ಕೊಳ್ಳಬಹುದಾದ ನಾರ್ಟನ್ ಡಾಮಿನೇಟರ್ ಬೈಕಿನಲ್ಲಿ ಬಂದಿತು.

ಮುಂದೆ 1980ರ ದಶಕದ ಆರಂಭದಲ್ಲಿ ಸ್ಪೇನ್ ದೇಶದ ಆಂಟೋನಿಯೊ ಕೋಬಾಸ್ ಎಂಬ ಎಂಜಿನಿಯರನು ಇನ್ನೊಂದು ಹೆಜ್ಜೆ ಇಟ್ಟನು. ಹ್ಯಾಂಡಲ್ಲು ಕೂರುವ ತಲೆಭಾಗದಿಂದ ಹಿಂಚಕ್ರದ ತೋಳು ಕೂಡುವ ಕೀಲಿನವರೆಗೆ ಅಲ್ಯೂಮಿನಿಯಂನ ಎರಡು ದಪ್ಪ ತೊಲೆಗಳನ್ನು ಎಂಜಿನ್ನಿನ ಎರಡು ಪಕ್ಕಗಳಲ್ಲಿ ಆದಷ್ಟು ನೇರವಾಗಿ ಹಾಯಿಸಿದನು. ಬಲದ ಹಾದಿ ನೇರವಾದಷ್ಟೂ ಚೌಕಟ್ಟು ಬಳುಕುವುದು ಕಡಿಮೆ, ತೂಕವೂ ಕಡಿಮೆ. ಮನೆ ಕಟ್ಟುವ ಬಡಗಿಯು ತೊಲೆಯನ್ನು ಡೊಂಕಾಗಿ ಇಡುವುದಿಲ್ಲವಷ್ಟೆ? ಅದೇ ನ್ಯಾಯ ಇಲ್ಲಿಯೂ ಸಲ್ಲುತ್ತದೆ. ಜಪಾನಿನ ಯಮಹಾ ಕಂಪನಿಯು ಇದೇ ಬಗೆಯ ಚೌಕಟ್ಟನ್ನು ‘ಡೆಲ್ಟಾಬಾಕ್ಸ್’ ಎಂಬ ಹೆಸರಿನಲ್ಲಿ ತನ್ನ ಪಂದ್ಯದ ಬೈಕುಗಳಿಗೂ ಬಳಿಕ ರಸ್ತೆಯ ಬೈಕುಗಳಿಗೂ ಅಳವಡಿಸಿತು. 2008ರಲ್ಲಿ ಭಾರತದ ಮಾರುಕಟ್ಟೆಗೆ ಬಂದ 150 ಸಿ.ಸಿ.ಯ ಆರ್15 ಬೈಕಿನಲ್ಲಿ ಈ ವಿನ್ಯಾಸವೇ ಇದೆ. ಬೆಲೆ ಕೈಗೆಟುಕಲೆಂದು ಅಲ್ಯೂಮಿನಿಯಂ ಬದಲಿಗೆ ಉಕ್ಕನ್ನು ಬಳಸಿದ್ದಾರೆ. ದಾವಣಗೆರೆಯ ಅಥವಾ ಧಾರವಾಡದ ಕಾಲೇಜು ವಿದ್ಯಾರ್ಥಿಯೊಬ್ಬ ಏರಿ ಹೋಗುವ ಬೈಕಿನ ಬೆನ್ನೆಲುಬಿಗೆ ಯೂರೋಪಿನ ಪಂದ್ಯಪಥಗಳ ಈ ಇತಿಹಾಸವಿದೆ.

ನಿಲ್ಲಿಸುವ ವಿದ್ಯೆ, ನೆಲವನ್ನು ಹಿಡಿಯುವ ವಿದ್ಯೆ

ಪಂದ್ಯದಲ್ಲಿ ಗೆಲ್ಲುವವನು ಹೆಚ್ಚು ವೇಗವಾಗಿ ಓಡುವವನು ಮಾತ್ರವಲ್ಲ. ತಿರುವಿನ ಮುನ್ನ ಎಲ್ಲರಿಗಿಂತ ತಡವಾಗಿ, ಆದರೂ ಸರಿಯಾಗಿ ವೇಗವನ್ನು ತಗ್ಗಿಸಬಲ್ಲವನು. ಈ ಕಾರಣದಿಂದ ಬ್ರೇಕುಗಳ ಸುಧಾರಣೆಗೆ ಪಂದ್ಯಗಳು ನೀಡಿದ ಕೊಡುಗೆ ದೊಡ್ಡದು. ಹೋಂಡಾ ಕಂಪನಿಯ ಸ್ಥಾಪಕರಾದ ಸೊಯಿಚಿರೊ ಹೋಂಡಾ ಅವರು ತಮ್ಮ ಕಂಪನಿಯು ಐಲ್ ಆಫ್ ಮ್ಯಾನ್ ಪಂದ್ಯದಲ್ಲಿ ಭಾಗವಹಿಸುವುದೆಂದು 1954ರಲ್ಲಿಯೇ ಘೋಷಿಸಿದರು. ಅಲ್ಲಿಗೆ ಹೋದದ್ದು 1959ರಲ್ಲಿ. ಆ ವರ್ಷ ದೊರೆತದ್ದು 125 ಸಿ.ಸಿ. ವರ್ಗದಲ್ಲಿ ಆರನೆಯ ಸ್ಥಾನ. ಎರಡೇ ವರ್ಷಗಳ ತರುವಾಯ, 1961ರಲ್ಲಿ, 125 ಮತ್ತು 250 ಸಿ.ಸಿ. ಎರಡೂ ವರ್ಗಗಳಲ್ಲಿ ಮೈಕ್ ಹೇಲ್‌ವುಡ್ ಎಂಬ ಸವಾರನು ಹೋಂಡಾ ಬೈಕುಗಳಲ್ಲಿ ಗೆದ್ದನು. ಹೀಗೆ ಪಳಗಿದ ಕಂಪನಿಯು 1969ರಲ್ಲಿ ಸಿ.ಬಿ.750 ಎಂಬ ರಸ್ತೆಯ ಬೈಕನ್ನು ಹೊರತಂದಾಗ ಅದರಲ್ಲಿ ನಾಲ್ಕು ಸಿಲಿಂಡರುಗಳ ಎಂಜಿನ್ನೂ ಮುಂಚಕ್ರಕ್ಕೆ ಡಿಸ್ಕ್ ಬ್ರೇಕೂ ಇದ್ದವು. ಡ್ರಮ್ ಬ್ರೇಕಿನಲ್ಲಿ ಶಾಖವು ಒಳಗೇ ಉಳಿದು ಹಿಡಿತವು ಕುಂದುತ್ತದೆ. ಡಿಸ್ಕ್ ಬ್ರೇಕಿನಲ್ಲಿ ತಟ್ಟೆಯು ಗಾಳಿಗೆ ತೆರೆದಿರುವುದರಿಂದ ಬೇಗನೆ ತಣಿಯುತ್ತದೆ. ಇಂದು ನಮ್ಮ ಸಾಧಾರಣ ಬೈಕುಗಳ ಮುಂಚಕ್ರದಲ್ಲಿಯೂ ಈ ತಟ್ಟೆಯನ್ನು ಕಾಣುತ್ತೇವೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇಂದಿನ ಮಹಾಪಂದ್ಯಗಳ ಬೈಕುಗಳಲ್ಲಿ ಕಾರ್ಬನ್ನಿನ ತಟ್ಟೆಗಳಿರುತ್ತವೆ. ಅವು ಹಗುರ, ಆದರೆ ನೂರಾರು ಡಿಗ್ರಿ ಕಾದ ಮೇಲೆಯೇ ಅವುಗಳಿಗೆ ಹಿಡಿತ ಬರುವುದು. ಬೆಳಗಿನ ಜಾವ ಹಾಲಿನ ಡೈರಿಗೆ ಹೊರಟವನಿಗೆ ಅಂಥ ಬ್ರೇಕಿದ್ದರೆ ಮೊದಲ ತಿರುವಿನಲ್ಲಿಯೇ ಬೀಳುವನು. ಆದುದರಿಂದಲೇ ರಸ್ತೆಯ ಬೈಕುಗಳಿಗೆ ಉಕ್ಕಿನ ತಟ್ಟೆಯೇ ಉಳಿದಿದೆ. ಟೈರುಗಳ ವಿಷಯವೂ ಹಾಗೆಯೇ. ಗೆರೆಯೇ ಇಲ್ಲದ ನುಣುಪು ಟೈರುಗಳನ್ನು ವಿದ್ಯುತ್ ಕಂಬಳಿಗಳಿಂದ ಬಿಸಿ ಮಾಡಿ ಪಂದ್ಯಕ್ಕೆ ಇಳಿಸುತ್ತಾರೆ. ಮಳೆನೀರನ್ನು ಪಕ್ಕಕ್ಕೆ ಸರಿಸುವ ಗೆರೆಗಳು ರಸ್ತೆಯ ಟೈರಿಗೆ ಬೇಕೇ ಬೇಕು. ಆದರೆ ನಡುವಿನಲ್ಲಿ ಗಟ್ಟಿ ರಬ್ಬರು, ಅಂಚುಗಳಲ್ಲಿ ಮೆದು ರಬ್ಬರು ಎಂಬ ಎರಡು ಬಗೆಯ ಮಿಶ್ರಣವು ಪಂದ್ಯದಲ್ಲಿ ಪ್ರಯೋಗಗೊಂಡು ರಸ್ತೆಯ ಟೈರುಗಳಿಗೂ ಬಂದಿದೆ. ನೇರ ಹಾದಿಯಲ್ಲಿ ಟೈರು ಬೇಗ ಸವೆಯದು. ತಿರುವಿನಲ್ಲಿ ವಾಲಿದಾಗ ಹಿಡಿತವೂ ತಪ್ಪದು.

ಹಿಂಚಕ್ರದ ಎರಡು ಪಕ್ಕಗಳಲ್ಲಿದ್ದ ಶಾಕ್ ಅಬ್ಸಾರ್ಬರುಗಳ ಬದಲು ನಡುವೆ ಒಂದೇ ಒಂದನ್ನು ಅಳವಡಿಸುವ ಉಪಾಯವು ಬಂದದ್ದು ಮಣ್ಣಿನ ದಿಬ್ಬಗಳ ಮೇಲೆ ನಡೆಯುವ ಮೋಟೊಕ್ರಾಸ್ ಪಂದ್ಯಗಳಿಂದ. ಬೆಲ್ಜಿಯಂನ ಎಂಜಿನಿಯರ್ ಲೂಸಿಯನ್ ಟಿಲ್ಕೆನ್ಸ್ ಅದನ್ನು ಕಂಡುಹಿಡಿದನು; ಯಮಹಾ ಕಂಪನಿ ಕೊಂಡುಕೊಂಡಿತು. 1973ರಲ್ಲಿ ಸ್ವೀಡನ್ನಿನ ಹಾಕನ್ ಆಂಡರ್ಸನ್ ಅದರಿಂದಲೇ 250 ಸಿ.ಸಿ. ವರ್ಗದ ವಿಶ್ವಚಾಂಪಿಯನ್ ಆದನು. ನಮ್ಮ ದೇಶದಲ್ಲಿ 2004ರಲ್ಲಿ ಬಂದ ಹೋಂಡಾ ಯೂನಿಕಾರ್ನ್ ಬೈಕು ಈ ಏಕೈಕ ಶಾಕ್ ಅಬ್ಸಾರ್ಬರನ್ನು ಮಧ್ಯಮವರ್ಗದ ಮನೆಗಳಿಗೆ ತಂದಿತು. ಗುಂಡಿ ಬಿದ್ದ ರಸ್ತೆಯಲ್ಲಿ ಬೆನ್ನುನೋವಿಲ್ಲದೆ ಕಚೇರಿಗೆ ಹೋಗಿಬರುವ ಗೃಹಸ್ಥನು ಮಣ್ಣಿನ ದಿಬ್ಬಗಳಲ್ಲಿ ಎಗರಾಡಿದ ಆ ಸಾಹಸಿಗಳಿಗೆ ಋಣಿಯಾಗಿದ್ದಾನೆ.

ಹೊಗೆಕೊಳವೆಯ ಒಂದು ವಿಚಿತ್ರ ಕಥೆ

ವಿದ್ಯೆಯು ಪಂದ್ಯದಿಂದ ರಸ್ತೆಗೆ ಬರುವ ಹಾದಿ ಯಾವಾಗಲೂ ನೇರವಾಗಿರುವುದಿಲ್ಲ. ಪೂರ್ವ ಜರ್ಮನಿಯ ಚೋಪೌ ಎಂಬ ಊರಿನಲ್ಲಿ ಎಂ.ಜೆಡ್. ಎಂಬ ಸರ್ಕಾರಿ ಕಾರ್ಖಾನೆಯಿತ್ತು. ಅಲ್ಲಿನ ವಾಲ್ಟರ್ ಕಾಡೆನ್ ಎಂಬ ಎಂಜಿನಿಯರನು ಎರಡು ಹೊಡೆತದ, ಅಂದರೆ ಟೂ-ಸ್ಟ್ರೋಕ್ ಎಂಜಿನ್ನಿನ ಹೊಗೆಕೊಳವೆಯನ್ನು ಅತಿ ಸೂಕ್ಷ್ಮವಾಗಿ ಅಭ್ಯಸಿಸಿದನು. ಈ ಬಗೆಯ ಎಂಜಿನ್ನಿನ ದೋಷವೇನೆಂದರೆ, ಸುಟ್ಟ ಹೊಗೆಯೊಂದಿಗೆ ಸುಡದ ಹೊಸ ಇಂಧನವೂ ಸ್ವಲ್ಪ ಹೊರಹೋಗಿ ವ್ಯರ್ಥವಾಗುತ್ತದೆ. ಕಾಡೆನ್ ಹೊಗೆಕೊಳವೆಯನ್ನು ಮೊದಲು ಅಗಲವಾಗುತ್ತ ಹೋಗಿ ಆಮೇಲೆ ಕಿರಿದಾಗುವಂತೆ ರೂಪಿಸಿದನು. ಕೊಳವೆಯೊಳಗೆ ಚಲಿಸುವ ಒತ್ತಡದ ಅಲೆಯು ಅಗಲ ಭಾಗದಲ್ಲಿ ಹೊಗೆಯನ್ನು ಹೊರಕ್ಕೆ ಎಳೆಯುತ್ತದೆ. ಕಿರಿದಾದ ಭಾಗಕ್ಕೆ ತಾಗಿ ಹಿಂತಿರುಗಿ, ಹೊರಬಂದ ಹೊಸ ಇಂಧನವನ್ನು ಮತ್ತೆ ಸಿಲಿಂಡರಿನೊಳಕ್ಕೆ ದೂಡುತ್ತದೆ. ಬಾವಿಯ ಗೋಡೆಗೆ ತಾಗಿ ನಮ್ಮ ಕೂಗು ನಮಗೇ ಹಿಂದಿರುಗುವಂತೆ ಇದು. ಹೀಗೆ 1961ರ ವೇಳೆಗೆ ಆತನ 125 ಸಿ.ಸಿ. ಎಂಜಿನ್ನು 25 ಅಶ್ವಶಕ್ತಿಯನ್ನು ನೀಡುತ್ತಿತ್ತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ಪಂದ್ಯ ನಡೆದಾಗ ಎಂ.ಜೆಡ್. ತಂಡದ ಪ್ರಮುಖ ಸವಾರ ಎರ್ನ್‌ಸ್ಟ್ ಡೆಗ್ನರ್ ತಂಡವನ್ನು ತೊರೆದು ಪಶ್ಚಿಮಕ್ಕೆ ಓಡಿಹೋದನು. ಆತನ ಹೆಂಡತಿ ಮಕ್ಕಳನ್ನು ಕಾರಿನಲ್ಲಿ ಅಡಗಿಸಿ ಗಡಿ ದಾಟಿಸಲಾಯಿತು. ಡೆಗ್ನರ್ ಆ ಎಂಜಿನ್ನಿನ ಮರ್ಮವನ್ನು ಜಪಾನಿನ ಸುಜುಕಿ ಕಂಪನಿಗೆ ಒಪ್ಪಿಸಿದನು; 1962ರಲ್ಲಿ ಸುಜುಕಿ ಬೈಕಿನಲ್ಲಿ 50 ಸಿ.ಸಿ. ವರ್ಗದ ವಿಶ್ವಚಾಂಪಿಯನ್ ಆದನು. ದುಡಿದು ಕಂಡುಹಿಡಿದ ಕಾಡೆನ್ನನಿಗೆ ಆ ಪಟ್ಟವೂ ದಕ್ಕಲಿಲ್ಲ, ಸಂಪತ್ತೂ ದಕ್ಕಲಿಲ್ಲ. ಆದರೆ ಆತನ ವಿದ್ಯೆ ಜಪಾನಿನ ಕಾರ್ಖಾನೆಗಳ ಮೂಲಕ ಲೋಕದ ಬೀದಿಬೀದಿಗಳಲ್ಲಿ ಹರಡಿತು. ನಮ್ಮಲ್ಲಿ 1983ರಲ್ಲಿ ಬಂದ ರಾಜದೂತ್ 350, 1985ರಲ್ಲಿ ಬಂದ ಆರ್.ಎಕ್ಸ್.100 ಬೈಕುಗಳು ಯಮಹಾದ ಈ ಟೂ-ಸ್ಟ್ರೋಕ್ ಪರಂಪರೆಗೆ ಸೇರಿದವು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಬೈಕುಗಳ ಎಂಜಿನ್ನೂ ಟೂ-ಸ್ಟ್ರೋಕ್ ಬಗೆಯದೇ.

ಈ ಎಂಜಿನ್ನುಗಳ ಹೊಗೆ ಪರಿಸರಕ್ಕೆ ಹಾನಿಕರವೆಂದು ಎಲ್ಲ ದೇಶಗಳಲ್ಲಿಯೂ ನಿಯಮಗಳು ಬಿಗಿಯಾದವು. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿತು. ಜನರು ಕೊಳ್ಳುವ ಬೈಕುಗಳೆಲ್ಲ ಫೋರ್-ಸ್ಟ್ರೋಕ್ ಆದ ಮೇಲೆ ಪಂದ್ಯವೊಂದೇ ಹಳೆಯ ಹಾದಿಯಲ್ಲಿ ನಡೆಯುವುದು ಅರ್ಥಹೀನವಾಯಿತು. 2002ರಲ್ಲಿ ವಿಶ್ವಚಾಂಪಿಯನ್‌ಷಿಪ್ಪಿನ ಹಿರಿಯ ವರ್ಗವು 500 ಸಿ.ಸಿ. ಟೂ-ಸ್ಟ್ರೋಕ್ ಬೈಕುಗಳಿಂದ 990 ಸಿ.ಸಿ. ಫೋರ್-ಸ್ಟ್ರೋಕ್ ಬೈಕುಗಳಿಗೆ ತಿರುಗಿತು. ‘ಮೋಟೊಜಿಪಿ’ ಎಂಬ ಹೊಸ ಹೆಸರನ್ನೂ ತಳೆಯಿತು. ಅಂದರೆ ಪಂದ್ಯವು ರಸ್ತೆಗೆ ಕಲಿಸುವಂತೆ ರಸ್ತೆಯೂ ಪಂದ್ಯಕ್ಕೆ ಪಾಠ ಹೇಳುತ್ತದೆ.

ಮಾರಿದರೆ ಮಾತ್ರ ಪಂದ್ಯಕ್ಕೆ ಪ್ರವೇಶ

1985ರಲ್ಲಿ ಸುಜುಕಿ ಕಂಪನಿಯು ಜಿ.ಎಸ್.ಎಕ್ಸ್-ಆರ್ 750 ಎಂಬ ಬೈಕನ್ನು ಹೊರತಂದಿತು. ಇಪ್ಪತ್ತನಾಲ್ಕು ಗಂಟೆಗಳ ಸಹನಶಕ್ತಿಯ ಪಂದ್ಯಗಳಲ್ಲಿ ಓಡುತ್ತಿದ್ದ ಬೈಕಿನ ರೂಪವನ್ನೇ ಅದು ತಾಳಿತ್ತು: ಅಲ್ಯೂಮಿನಿಯಂ ಚೌಕಟ್ಟು, ಮೈತುಂಬ ಹೊದಿಕೆ, ಎರಡು ದುಂಡು ದೀಪಗಳು. ಪೆಟ್ರೋಲು, ಎಣ್ಣೆ ತುಂಬುವ ಮೊದಲು ಅದರ ತೂಕ 180 ಕಿಲೋಗ್ರಾಮಿಗಿಂತ ಕಡಿಮೆ. ಪಂದ್ಯದ ಬೈಕಿಗೆ ದೀಪ ಕಟ್ಟಿ ಮಾರಿದಂತಿತ್ತು. ಇಂದಿನ ಕ್ರೀಡಾ ಬೈಕುಗಳ ವಂಶವೃಕ್ಷದಲ್ಲಿ ಅದಕ್ಕೆ ಮೂಲಪುರುಷನ ಸ್ಥಾನವಿದೆ.

ಇದನ್ನು ಇನ್ನಷ್ಟು ಬಿಗಿಗೊಳಿಸಿದ್ದು 1988ರಲ್ಲಿ ಆರಂಭವಾದ ವಿಶ್ವ ಸೂಪರ್‌ಬೈಕ್ ಪಂದ್ಯಾವಳಿ. ಕಂಪನಿಯು ಯಾವ ಮಾದರಿಯನ್ನು ಓಡಿಸಲು ಬಯಸುವುದೋ ಆ ಮಾದರಿಯನ್ನು ನಿಗದಿಯಾದ ಸಂಖ್ಯೆಯಲ್ಲಿ ಗ್ರಾಹಕರಿಗೆ ಮಾರಲೇಬೇಕು ಎಂಬುದು ಇಲ್ಲಿನ ನಿಯಮ. ಇದರ ಫಲವಾಗಿ ಪಂದ್ಯವನ್ನು ಗೆಲ್ಲಲು ಬೇಕಾದ ದುಬಾರಿ ಭಾಗಗಳು ಅಂಗಡಿಯ ಬೈಕಿನಲ್ಲಿಯೇ ಬರತೊಡಗಿದವು. ಮೊದಲ ಎರಡು ವರ್ಷ ಚಾಂಪಿಯನ್ ಆದ ಫ್ರೆಡ್ ಮರ್ಕೆಲ್ ಓಡಿಸಿದ ಹೋಂಡಾ ಆರ್.ಸಿ.30 ಬೈಕಿನಲ್ಲಿ ಟೈಟಾನಿಯಂ ಲೋಹದ ಕನೆಕ್ಟಿಂಗ್ ರಾಡುಗಳೂ, ಚಕ್ರವನ್ನು ಬೇಗನೆ ಬದಲಿಸಲು ಅನುಕೂಲವಾದ ಒಂಟಿತೋಳಿನ ಹಿಂಭಾಗವೂ ಇದ್ದವು. ಇಂದು ಈ ವರ್ಗದ ಬೈಕುಗಳ ಬೆಲೆ ಒಂದು ಮನೆಯ ಬೆಲೆಗೆ ಸಮನಾಗಿರುವುದಕ್ಕೆ ಕಾರಣ ಇಲ್ಲಿದೆ.

ಎಂಜಿನ್ನಿನ ನಾಡಿಮಿಡಿತ

ಪಂದ್ಯದಿಂದ ಬಂದ ವಿದ್ಯೆಗಳಲ್ಲಿ ಬುದ್ಧಿಗೆ ಅತ್ಯಂತ ಸೊಗಸೆನಿಸುವುದು ಯಮಹಾ ಕಂಪನಿಯ ಅಡ್ಡಕಟ್ಟಿನ ಕ್ರ್ಯಾಂಕಿನ ವೃತ್ತಾಂತ. ಸಾಮಾನ್ಯವಾದ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಎರಡು ಪಿಸ್ಟನ್ನುಗಳು ಮೇಲೆ ನಿಂತಾಗ ಇನ್ನೆರಡು ಕೆಳಗೆ ನಿಂತಿರುತ್ತವೆ. ನಾಲ್ಕೂ ಏಕಕಾಲದಲ್ಲಿ ನಿಂತು, ಏಕಕಾಲದಲ್ಲಿ ಓಡುತ್ತವೆ. ಅವು ಓಡತೊಡಗಿದಾಗ ಕ್ರ್ಯಾಂಕಿನ ಶಕ್ತಿಯನ್ನು ಎಳೆದುಕೊಳ್ಳುತ್ತವೆ. ನಿಲ್ಲುವಾಗ ಅದನ್ನು ಹಿಂದಿರುಗಿಸುತ್ತವೆ. ಹೀಗೆ ಪೆಟ್ರೋಲಿನ ದಹನಕ್ಕೆ ಸಂಬಂಧವೇ ಇಲ್ಲದ ಒಂದು ಏರಿಳಿತ ಹಿಂಚಕ್ರವನ್ನು ತಲುಪುತ್ತದೆ. ತಿರುವಿನಲ್ಲಿ ವಾಲಿದ ಸವಾರನಿಗೆ ತಾನು ಆಕ್ಸಿಲರೇಟರ್ ತಿರುಗಿಸಿದ್ದಕ್ಕೆ ಟೈರು ಎಷ್ಟು ಓಗೊಡುತ್ತಿದೆ ಎಂಬುದು ಸ್ಪಷ್ಟವಾಗಿ ತಿಳಿಯದು.

ಮಸಾವೊ ಫುರುಸಾವಾ ಎಂಬ ಎಂಜಿನಿಯರರ ನೇತೃತ್ವದಲ್ಲಿ ಯಮಹಾ ತಂಡವು ಕ್ರ್ಯಾಂಕಿನ ಕೀಲುಗಳನ್ನು 90 ಡಿಗ್ರಿಗಳ ಅಂತರದಲ್ಲಿ ಜೋಡಿಸಿತು. ಆಗ ಎರಡು ಪಿಸ್ಟನ್ನುಗಳು ನಿಂತಾಗ ಇನ್ನೆರಡು ಪೂರ್ಣವೇಗಕ್ಕೆ ಸಮೀಪವಾಗಿರುತ್ತವೆ; ಒಂದು ಜೋಡಿ ಬಿಟ್ಟುಕೊಟ್ಟದ್ದನ್ನು ಇನ್ನೊಂದು ಪಡೆಯುತ್ತದೆ; ಏರಿಳಿತ ಬಹುಮಟ್ಟಿಗೆ ಅಳಿದುಹೋಗುತ್ತದೆ. ಚಕ್ರಕ್ಕೆ ತಲುಪುವುದು ದಹನದ ಬಲ ಮಾತ್ರ. 2004ರಲ್ಲಿ ಇಟಲಿಯ ವ್ಯಾಲೆಂಟಿನೊ ರೊಸ್ಸಿ, ಗೆಲ್ಲುತ್ತಿದ್ದ ಹೋಂಡಾ ತಂಡವನ್ನು ಬಿಟ್ಟು ಸೋಲುತ್ತಿದ್ದ ಯಮಹಾ ತಂಡಕ್ಕೆ ಬಂದಾಗ ಜನರು ಅಚ್ಚರಿಪಟ್ಟರು. ಆತನು ದಕ್ಷಿಣ ಆಫ್ರಿಕದ ವೆಲ್ಕಮ್‌ನಲ್ಲಿ ನಡೆದ ಮೊದಲ ಪಂದ್ಯವನ್ನೇ ಈ ಎಂಜಿನ್ನಿನಿಂದ ಗೆದ್ದನು. ಆ ವರ್ಷದ ವಿಶ್ವಚಾಂಪಿಯನ್ನನೂ ಆದನು. ಐದು ವರ್ಷಗಳ ಬಳಿಕ, 2009ರಲ್ಲಿ, ರಸ್ತೆಗೆ ಬಂದ ಯಮಹಾ ಆರ್1 ಬೈಕಿನಲ್ಲಿ ಅದೇ ಬಗೆಯ ಕ್ರ್ಯಾಂಕು ಇತ್ತು. ಈ ಬದಲಾವಣೆಯ ಉದ್ದೇಶ ಶಕ್ತಿಯನ್ನು ಹೆಚ್ಚಿಸುವುದಾಗಿರಲಿಲ್ಲ. ಇರುವ ಶಕ್ತಿಯನ್ನು ಮನುಷ್ಯನು ಅರಿತು ಬಳಸುವಂತೆ ಮಾಡುವುದಾಗಿತ್ತು ಎಂಬುದು ವಿಚಾರಾರ್ಹ.

ವಿದ್ಯುನ್ಮಾನದ ಕಾವಲು

ಕಳೆದ ಎರಡು ದಶಕಗಳಲ್ಲಿ ಪಂದ್ಯದಿಂದ ರಸ್ತೆಗೆ ಬಂದುದರಲ್ಲಿ ಕಣ್ಣಿಗೆ ಕಾಣದ ಭಾಗವೇ ಹೆಚ್ಚು. ಹಿಂಚಕ್ರ ಜಾರತೊಡಗಿದೊಡನೆ ಎಂಜಿನ್ನಿನ ಬಲವನ್ನು ತಾನಾಗಿಯೇ ತಗ್ಗಿಸುವ ಟ್ರ್ಯಾಕ್ಷನ್ ಕಂಟ್ರೋಲ್ ಎಂಬ ಏರ್ಪಾಟನ್ನು ಇಟಲಿಯ ಡುಕಾಟಿ ಕಂಪನಿಯು ತನ್ನ ಪಂದ್ಯದ ಬೈಕುಗಳಲ್ಲಿ ಪಳಗಿಸಿ, 2008ರಲ್ಲಿ 1098ಆರ್ ಎಂಬ ರಸ್ತೆಯ ಬೈಕಿಗೆ ಅಳವಡಿಸಿತು. 2015ರ ಯಮಹಾ ಆರ್1 ಬೈಕಿನಲ್ಲಿ, ವಾಹನ ಎಷ್ಟು ವಾಲಿದೆ, ಮುಂದಕ್ಕೆ ಬಾಗಿದೆಯೇ, ಹಿಂದಕ್ಕೆ ಏರಿದೆಯೇ ಎಂಬುದನ್ನು ಕ್ಷಣಕ್ಷಣವೂ ಅಳೆಯುವ ಆರು ದಿಕ್ಕಿನ ಮಾಪಕವಿತ್ತು. ಇಂಥ ಏರ್ಪಾಟುಗಳು ಸರಳ ರೂಪದಲ್ಲಿ ಸಣ್ಣ ಬೈಕುಗಳಿಗೂ ಇಳಿದಿವೆ. 2021ರಲ್ಲಿ ಬಂದ ನಾಲ್ಕನೆಯ ಪೀಳಿಗೆಯ ಆರ್15ರಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಇದೆ. ಗೇರನ್ನು ಥಟ್ಟನೆ ಇಳಿಸಿದಾಗ ಹಿಂಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಸ್ಲಿಪ್ಪರ್ ಕ್ಲಚ್ಚೂ ಇದೇ ಹಾದಿಯಲ್ಲಿ ಬಂದದ್ದು.

ಆದರೆ ರಸ್ತೆಯ ಸವಾರನನ್ನು ಕಾಯುವ ಪ್ರಮುಖ ಸಾಧನವಾದ ಎ.ಬಿ.ಎಸ್. ಬ್ರೇಕು ಪಂದ್ಯದಿಂದ ಬಂದದ್ದಲ್ಲ ಎಂಬುದನ್ನು ತರುಣರು ತಿಳಿಯಬೇಕು. ಬ್ರೇಕು ಒತ್ತಿದಾಗ ಚಕ್ರ ಪೂರ್ತಿ ಬಿಗಿದುಕೊಳ್ಳದಂತೆ ತಡೆಯುವ ಈ ಸಾಧನ ವಿಮಾನ, ಕಾರುಗಳ ಮೂಲಕ ಬಂದು 1988ರಲ್ಲಿ ಜರ್ಮನಿಯ ಬಿ.ಎಂ.ಡಬ್ಲ್ಯೂ. ಕಂಪನಿಯ ಕೆ100 ಬೈಕನ್ನು ಸೇರಿತು. ಮೋಟೊಜಿಪಿ ಪಂದ್ಯದಲ್ಲಿ ಇದಕ್ಕೆ ಅನುಮತಿಯೇ ಇಲ್ಲ. ನಮ್ಮ ದೇಶದಲ್ಲಿ 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ಮಾದರಿಗಳಿಗೆ 2018ರ ಏಪ್ರಿಲಿನಿಂದಲೂ, ಮೊದಲೇ ಇದ್ದ ಮಾದರಿಗಳಿಗೆ 2019ರ ಏಪ್ರಿಲಿನಿಂದಲೂ ಇದು ಕಡ್ಡಾಯವಾಯಿತು. ‘ರೇಸಿನಿಂದ ಬಂದದ್ದೆಲ್ಲ ಶ್ರೇಷ್ಠ’ ಎಂಬ ಮಾತಿಗೆ ಇದು ಉತ್ತರ.

ರೆಕ್ಕೆಗಳ ಲೆಕ್ಕ

ಈಗ ಆ ರೆಕ್ಕೆಗಳ ಪ್ರಶ್ನೆಗೆ ಬರೋಣ. ವಿಮಾನದ ರೆಕ್ಕೆ ಮೇಲಕ್ಕೆ ಎತ್ತಿದರೆ, ಬೈಕಿನ ರೆಕ್ಕೆ ಮುಂಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಅಪಾರ ಬಲದ ಬೈಕು ಮುನ್ನುಗ್ಗುವಾಗ ಮುಂಚಕ್ರ ಮೇಲೇಳುವುದನ್ನು ತಡೆಯಲು ಡುಕಾಟಿ ತಂಡವು 2015ರ ಸುಮಾರಿಗೆ ಇವುಗಳನ್ನು ಮತ್ತೆ ಬಳಕೆಗೆ ತಂದಿತು. ಹೊರಚಾಚಿದ ರೆಕ್ಕೆಗಳು ಇತರ ಸವಾರರಿಗೆ ತಾಗಬಹುದೆಂಬ ಆತಂಕದಿಂದ 2017ರಲ್ಲಿ ಅವುಗಳನ್ನು ನಿಷೇಧಿಸಿದರು. ಎಂಜಿನಿಯರರು ಅವನ್ನು ಹೊದಿಕೆಯೊಳಗೇ ಸೇರಿಸಿಕೊಂಡರು. ಅನಂತರ ಅವು ಡುಕಾಟಿಯ ಪಾನಿಗಾಲೆ ವಿ4 ಎಂಬ ರಸ್ತೆಯ ಬೈಕಿಗೂ ಬಂದವು. ಕಂಪನಿಯ ಹೇಳಿಕೆಯಂತೆ ಗಂಟೆಗೆ 270 ಕಿಲೋಮೀಟರ್ ವೇಗದಲ್ಲಿ ಅವು ಸುಮಾರು 30 ಕಿಲೋಗ್ರಾಂ ಭಾರದಷ್ಟು ಕೆಳಕ್ಕೆ ಒತ್ತುತ್ತವೆ.

ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚು ಕಡಿಮೆಯಾಗುತ್ತದೆ. ವೇಗ ಮೂರರಲ್ಲೊಂದು ಪಾಲಾದರೆ ಒತ್ತಡ ಒಂಬತ್ತರಲ್ಲೊಂದು ಪಾಲಾಗುತ್ತದೆ. ಆದುದರಿಂದ ಗಂಟೆಗೆ 90 ಕಿಲೋಮೀಟರ್ ವೇಗದಲ್ಲಿ ಆ ರೆಕ್ಕೆಗಳ ಒತ್ತಡ ಮೂರು ಕಿಲೋಗ್ರಾಮಿಗಿಂತ ತುಸು ಹೆಚ್ಚು. ಊರೊಳಗಿನ 45 ಕಿಲೋಮೀಟರ್ ವೇಗದಲ್ಲಿ ಒಂದು ಕಿಲೋಗ್ರಾಂ ಕೂಡ ಇಲ್ಲ. ಟ್ಯಾಂಕಿನ ಮೇಲೆ ಒಂದು ಸಕ್ಕರೆ ಪೊಟ್ಟಣ ಇಟ್ಟಂತಾಯಿತು, ಅಷ್ಟೆ. ತಗ್ಗಿದ ಹ್ಯಾಂಡಲ್ಲಿನ ಮರ್ಮವೂ ಇದೇ. ಅತಿವೇಗದಲ್ಲಿ ಎದುರುಗಾಳಿಗೆ ಮೈ ಕಡಿಮೆ ಒಡ್ಡಲೆಂದೂ, ಮುಂಚಕ್ರದ ಮೇಲೆ ಭಾರ ಬೀಳಲೆಂದೂ ಹಾಗೆ ಮಾಡಿದ್ದಾರೆ. ಊರಿನ ಸಂಚಾರದಲ್ಲಿ ಅದರಿಂದ ಲಭಿಸುವುದು ಮಣಿಕಟ್ಟಿನ ನೋವು, ಸೊಂಟದ ನೋವು.

ನಮ್ಮ ನೆರೆಹೊರೆಯಲ್ಲಿ

ಈ ವಿದ್ಯೆ ವಿದೇಶಗಳಿಗೆ ಮಾತ್ರ ಸೀಮಿತವಲ್ಲ. ನಮ್ಮ ಗಡಿಗೆ ಅಂಟಿಕೊಂಡ ಹೊಸೂರಿನಲ್ಲಿ ನೆಲೆಯೂರಿ, ಮೈಸೂರಿನಲ್ಲಿಯೂ ಕಾರ್ಖಾನೆಯನ್ನು ಹೊಂದಿರುವ ಟಿ.ವಿ.ಎಸ್. ಕಂಪನಿಯು 1982ರಿಂದ ಪಂದ್ಯದ ತಂಡವನ್ನು ನಡೆಸುತ್ತ ಬಂದಿದೆ. ಅದರ ಅಪಾಚೆ ಬೈಕುಗಳಿಗೆ ಆ ಅನುಭವದ ನೆರವು ದೊರೆತಿದೆ. 2017ರ ಡಿಸೆಂಬರಿನಲ್ಲಿ ಬಂದ ಅಪಾಚೆ ಆರ್.ಆರ್.310 ಸಂಪೂರ್ಣ ಹೊದಿಕೆಯ ಕ್ರೀಡಾ ಬೈಕು. 2024ರ ಆವೃತ್ತಿಗೆ ರೆಕ್ಕೆಗಳೂ ಮೂಡಿವೆ. ಪಂದ್ಯದ ಬೈಕುಗಳ ಚೌಕಟ್ಟು ಕಟ್ಟುವುದರಲ್ಲಿ ಹೆಸರಾದ ಇಂಗ್ಲೆಂಡಿನ ಹ್ಯಾರಿಸ್ ಸಂಸ್ಥೆಯನ್ನು ರಾಯಲ್ ಎನ್‌ಫೀಲ್ಡ್ ಕಂಪನಿಯು 2015ರಲ್ಲಿ ಕೊಂಡುಕೊಂಡಿತು. 2018ರಲ್ಲಿ ಬಂದ ಅದರ 650 ಸಿ.ಸಿ. ಬೈಕುಗಳ ಚೌಕಟ್ಟಿನ ಹಿಂದೆ ಆ ಸಂಸ್ಥೆಯ ಕೈವಾಡವಿದೆ. ನೋಟಕ್ಕೆ ಹಳೆಯ ಕಾಲದ ಗಂಭೀರ ವಾಹನ. ಮೈಕಟ್ಟಿನಲ್ಲಿ ಪಂದ್ಯದ ವಿದ್ಯೆ. ರೆಕ್ಕೆಯಿಲ್ಲದೆಯೂ ಪಂದ್ಯದ ಸಾರವು ಬರಬಹುದೆಂಬುದಕ್ಕೆ ಇದೇ ನಿದರ್ಶನ.

ಹಿರಿಯರೂ ಕಿರಿಯರೂ ಗಮನಿಸಬೇಕಾದುದು

ಓಟದ ಎತ್ತು ಬೇರೆ, ಉಳುವ ಎತ್ತು ಬೇರೆ ಎಂಬುದನ್ನು ನಮ್ಮ ರೈತರು ಬಲ್ಲರು. ಪಂದ್ಯದ ಪಥದಲ್ಲಿ ಎದುರಿನಿಂದ ವಾಹನ ಬರುವುದಿಲ್ಲ. ಬಿದ್ದವನು ಜಾರಿ ನಿಲ್ಲಲು ಜಲ್ಲಿಯ ಬಯಲಿರುತ್ತದೆ. ನಿಮಿಷದೊಳಗೆ ವೈದ್ಯರು ಬರುತ್ತಾರೆ. 2018ರಿಂದ ಮೋಟೊಜಿಪಿ ಸವಾರರು ಬಿದ್ದೊಡನೆ ಉಬ್ಬುವ ಗಾಳಿಚೀಲದ ಉಡುಪನ್ನು ಧರಿಸುವುದು ಕಡ್ಡಾಯ. ಇಷ್ಟೆಲ್ಲ ಇದ್ದೂ 2011ರಲ್ಲಿ ಮಲೇಷ್ಯಾದ ಸೆಪಾಂಗ್ ಪಥದಲ್ಲಿ ಇಟಲಿಯ ಮಾರ್ಕೊ ಸಿಮೊಂಚೆಲ್ಲಿ ಎಂಬ ಪ್ರತಿಭಾವಂತ ಸವಾರನು ಇಪ್ಪತ್ತನಾಲ್ಕರ ಹರೆಯದಲ್ಲಿ ಪ್ರಾಣ ನೀಗಿದನು. ನಮ್ಮ ರಸ್ತೆಗಳಲ್ಲಿಯೋ, ತಿರುವಿನ ಆಚೆ ದನವಿರಬಹುದು, ಒಕ್ಕಲು ಮಾಡಲು ಹರಡಿದ ರಾಗಿ ಹುಲ್ಲಿರಬಹುದು, ಗುರುತಿಲ್ಲದ ಹಂಪ್ ಇರಬಹುದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿನಲ್ಲಿ ಬೈಕು ಸುಮಾರು 28 ಮೀಟರ್ ಮುಂದೆ ಹೋಗಿರುತ್ತದೆ. ಕಣ್ಣು ಕಂಡು ಕೈ ಬ್ರೇಕು ಹಿಡಿಯುವುದರೊಳಗೆ ಆಗಬಾರದ್ದು ಆಗಿಹೋಗಿರುತ್ತದೆ. ವೇಗ ಇಮ್ಮಡಿಯಾದರೆ ಅಪ್ಪಳಿಸುವ ಶಕ್ತಿ ನಾಲ್ಮಡಿಯಾಗುತ್ತದೆ. ಈ ನಿಯಮವನ್ನು ಯಾವ ಕಂಪನಿಯ ಎಂಜಿನಿಯರನೂ ಬದಲಿಸಲಾರನು.

ಆದುದರಿಂದ ಬೈಕು ಕೊಳ್ಳಲು ಹೋದಾಗ ಮೊದಲು ಕೇಳಬೇಕಾದದ್ದು ಅದು ಎಷ್ಟು ವೇಗ ಓಡುತ್ತದೆ ಎಂಬುದನ್ನಲ್ಲ. ಎರಡೂ ಚಕ್ರಗಳಿಗೆ ಡಿಸ್ಕ್ ಬ್ರೇಕಿದೆಯೇ? ಎ.ಬಿ.ಎಸ್. ಒಂದೇ ಚಕ್ರಕ್ಕೋ ಎರಡಕ್ಕೂ ಉಂಟೋ? ಟೈರು ಒಳ್ಳೆಯದೇ? ಮಗನ ಕಾಲು ನೆಲಕ್ಕೆ ಸರಿಯಾಗಿ ತಾಗುತ್ತದೆಯೇ? ಇವು ಪಂದ್ಯದ ವಿದ್ಯೆಯ ಸತ್ತ್ವಭಾಗಕ್ಕೆ ಸೇರಿದ ಪ್ರಶ್ನೆಗಳು. ಹಿಂದೆ ಕುಳಿತುಕೊಳ್ಳುವ ಹೆಣ್ಣುಮಕ್ಕಳನ್ನೂ ಮರೆಯಬಾರದು. ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮದಂತೆ ಹಿಂಬದಿಯ ಸವಾರರಿಗೆ ಹಿಡಿಕೆ, ಕಾಲಿಡುವ ಆಸರೆ, ಸೀರೆ ಚಕ್ರಕ್ಕೆ ಸಿಕ್ಕದಂತೆ ಹಿಂಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಬೇಕು. ಅಂದಗೆಡುತ್ತದೆ ಎಂದು ಸೀರೆಯ ಗಾರ್ಡನ್ನು ಬಿಚ್ಚಿಸುವ ತರುಣರಿದ್ದಾರೆ. ಹಿರಿಯರು ಅದಕ್ಕೆ ಒಪ್ಪಬಾರದು. 2021ರ ಜೂನ್‌ನಿಂದ ಐ.ಎಸ್.ಐ. ಗುರುತಿಲ್ಲದ ಹೆಲ್ಮೆಟ್ಟುಗಳ ಮಾರಾಟಕ್ಕೆ ನಿಷೇಧವಿದೆ. ರೆಕ್ಕೆಗಳಿಗೆ ಕೊಡುವ ಹಣದಲ್ಲಿ ಇಬ್ಬರಿಗೂ ಒಳ್ಳೆಯ ಹೆಲ್ಮೆಟ್ಟು, ಕೈಗವಸು, ದಪ್ಪ ಜಾಕೆಟ್ಟು ಬರುತ್ತವೆ. ವೇಗದ ಆಸೆ ತಡೆಯಲಾಗದ ತರುಣರಿಗೆ ಚೆನ್ನೈ, ಕೊಯಮತ್ತೂರುಗಳ ಸಮೀಪ ಪಂದ್ಯಪಥಗಳಿವೆ. ಗುರುಮುಖೇನ ಕಲಿಯುವ ವ್ಯವಸ್ಥೆ ಅಲ್ಲುಂಟು. ಆ ವಿದ್ಯೆಗೆ ಅದೇ ಯೋಗ್ಯವಾದ ಸ್ಥಳ.

ಮೋಟೊಜಿಪಿ ಪಂದ್ಯವೂ ತನ್ನ ವೇಗಕ್ಕೆ ತಾನೇ ಕಡಿವಾಣ ಹಾಕಿಕೊಳ್ಳುತ್ತಿದೆ. 2024ರಲ್ಲಿ ಪ್ರಕಟವಾದ ನಿಯಮಗಳಂತೆ 2027ರಿಂದ ಅಲ್ಲಿನ ಎಂಜಿನ್ನುಗಳ ಗಾತ್ರ 1000 ಸಿ.ಸಿ.ಯಿಂದ 850 ಸಿ.ಸಿ.ಗೆ ಇಳಿಯಬೇಕು, ರೆಕ್ಕೆಗಳು ಕಿರಿದಾಗಬೇಕು, ಇಂಧನವು ನೆಲದಿಂದ ತೆಗೆದ ಎಣ್ಣೆಯದಾಗಿರಕೂಡದು. ಲೋಕದ ಅತಿ ನಿಪುಣ ಸವಾರರಿಗೇ ಇಷ್ಟು ಮಿತಿ ಅಗತ್ಯವೆಂದು ಹಿರಿಯರು ನಿರ್ಣಯಿಸಿರುವಾಗ, ಪರವಾನಗಿಯ ಶಾಯಿ ಇನ್ನೂ ಆರದ ತರುಣನಿಗೆ ಮಿತಿ ಬೇಡವೇ? ಈ ಪ್ರಶ್ನೆಯನ್ನು ಗದರಿಕೆಯ ಧ್ವನಿಯಲ್ಲಿ ಕೇಳದೆ, ಬೈಕಿನ ಪಕ್ಕದಲ್ಲಿ ನಿಂತು, ಅದರ ಒಂದೊಂದು ಅಂಗದ ಗುಣವನ್ನೂ ಮಗನ ಬಾಯಿಂದಲೇ ಹೇಳಿಸಿ, ಪ್ರೀತಿಯಿಂದ ಕೇಳಿದರೆ ಉತ್ತರವನ್ನು ಅವನೇ ಹೇಳುವನು.